ಪೂಜೆಗೆ ಎದ್ದು ಹೋದ ಪೆಟ್ಟಿಗೆ

ಜಾಲಹಳ್ಳಿ
15 ಜೂನ್ 2025

ದಿವ್ಯಾ,

ಫೋನ್ ಕುಕ್ಕಿದ ಮೇಲೆ ಎರಡು ದಿನ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ. ಇನ್ನು ಮೇಲೆ ನಿನ್ನ ಕೆಲಸದ ವಿಷಯ ಫೋನಿನಲ್ಲಿ ಬೇಡ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಬಾಯಿ ಬಿಡುತ್ತೇವೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ಮೊನ್ನೆ ಮೇಲಿನ ಮನೆಯಿಂದ ನಿನ್ನ ಚಿಕ್ಕಮ್ಮ ಶೋಭಾರಾಣಿ ಇಳಿದು ಬಂದು, "ಏನಕ್ಕಾ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದಳು. ಅಷ್ಟು ಕೂಗಾಡಿದ್ದೇವೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಅಡ್ಡ ಬರುವ ಹಾಗಿಲ್ಲ. ಊಟ ಆಯ್ತಾ, ಜ್ವರ ಬಿಟ್ಟಿತಾ ಎನ್ನುವುದಕ್ಕೆ ಫೋನ್ ಮಾಡು. ಕೆಲಸದ್ದಾದರೆ ಕಾಗದ ಬರೆ.

ಈಗ ಕೇಳು. ವೈಟ್‌ಫೀಲ್ಡಿನಲ್ಲಿ ನಿನಗೆ ಒಳ್ಳೆಯ ಕೆಲಸವಿತ್ತು. ಕಾರ್ಖಾನೆಯ ಯಂತ್ರಗಳು ಒಂದಕ್ಕೊಂದು ಸರಿಯಾದ ಹೊತ್ತಿಗೆ ಸುದ್ದಿ ಮುಟ್ಟಿಸುವುದಕ್ಕೆ ದುಬಾರಿ ಸ್ವಿಚ್ಚು ಮಾಡುವ ಕಂಪನಿ ಅದು, ಅಲ್ಲಿ ಹೆಸರೂ ತೆಗೆದುಕೊಂಡಿದ್ದೆ. ಈಗ ಆ ಸ್ವಿಚ್ಚೇ ಬೇಡ, ಅದು ಮಾಡುವ ಕೆಲಸವನ್ನು ಮಾಮೂಲಿ ಕಂಪ್ಯೂಟರುಗಳಲ್ಲಿ ಬರೀ ಸಾಫ್ಟ್‌ವೇರ್ ಬರೆದು ಮಾಡಿಸುತ್ತೇನೆ ಎಂದು ವಸಂತ್ ಜೊತೆ ಸೇರಿ ಪೀಣ್ಯದ ಶೆಡ್ಡಿಗೆ ಹೋಗಿ ಕೂತಿದ್ದೀಯ. ವಸಂತ್ ನಿನ್ನ ಜೊತೆ ಓದಿದವನು, ಒಳ್ಳೆಯ ಹುಡುಗನೇ. ಆದರೆ ಶೆಡ್ಡಿನ ಬಾಡಿಗೆ ಕಟ್ಟುವ ವಾರ ಅವನ ಮುಖ ಹೇಗಿರುತ್ತದೆ ಎಂದು ನಾನೂ ನೋಡಿದ್ದೇನೆ.

ಅರ್ಧ ಆಯಸ್ಸು ಕೈಗಡಿಯಾರದ ಕಾರ್ಖಾನೆಯಲ್ಲಿ ಕಳೆದವಳು ನಾನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದೆ. ಉಸಿರು ಜೋರಾಗಿ ಬಿಟ್ಟರೆ ಹಾರಿ ಹೋಗುತ್ತಿತ್ತು. ಹೊತ್ತು ಎನ್ನುವುದು ಲೋಹದಲ್ಲಿರುತ್ತದೆ ಕಣೆ. ಚಕ್ರ ಇರಬೇಕು, ಸ್ಪ್ರಿಂಗ್ ಇರಬೇಕು, ಅದನ್ನು ಕೂರಿಸುವ ಕೈ ಇರಬೇಕು. ಬರೆದ ಮಾತಿನಿಂದ ಹೊತ್ತು ನಡೆಯುತ್ತದೆ ಎಂದರೆ ನಾನು ಹೇಗೆ ನಂಬಲಿ?

ನೀನೇ ಮಾತು ಕೊಟ್ಟಿದ್ದೀಯ. ಬೊಮ್ಮಸಂದ್ರದ ತಲೆಯೆಣ್ಣೆ ಕಾರ್ಖಾನೆಯಲ್ಲಿ ದಸರಾಕ್ಕೆ ನಿಮ್ಮ ಪರೀಕ್ಷೆ. ಗೆದ್ದರೆ ನಿನ್ನ ದಾರಿ ನಿನ್ನದು. ಸೋತರೆ ವೈಟ್‌ಫೀಲ್ಡಿಗೆ ವಾಪಸ್. ನಿನ್ನ ಹಳೆಯ ಸಾಹೇಬರು ಅಲ್ಲಿಯ ತನಕ ಜಾಗ ತುಂಬುವುದಿಲ್ಲವಂತೆ. ನೆನಪಿರಲಿ.

ನಿನ್ನ ಅಮ್ಮ,
ಅಶ್ವತ್ಥಮ್ಮ

ಬೊಮ್ಮಸಂದ್ರ
29 ಜೂನ್ 2025

ಅಮ್ಮಾ,

ಅಡ್ಡ ಬರದೆ ಪೂರ್ತಿ ಓದಿದೆ. ಫೋನಿನಲ್ಲಿ ಇಬ್ಬರೂ ಬಾಯಿ ಬಿಟ್ಟದ್ದು ನಿಜ, ಇಬ್ಬರೂ ಗೋಡೆಗೆ ಹೇಳಿದ ಹಾಗಾಯಿತು.

ಪರೀಕ್ಷೆ ಮುಗಿಯುವ ತನಕ ಇಲ್ಲೇ ರೂಮು ಮಾಡಿದ್ದೇನೆ. ದಿನಾ ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಬಂದು ಹೋದರೆ ಜೀವಮಾನವೆಲ್ಲ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲೇ ಕಳೆದುಹೋಗುತ್ತದೆ.

ನೀನು "ಬರೀ ಸಾಫ್ಟ್‌ವೇರ್" ಎಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಇಲ್ಲಿ ಖಾಲಿ ಬಾಟಲಿಗಳು ಬೆಲ್ಟಿನ ಮೇಲೆ ಬರುತ್ತವೆ. ಒಂದು ಯಂತ್ರ ಎಣ್ಣೆ ತುಂಬುತ್ತದೆ, ಮುಂದಿನದು ಮುಚ್ಚಳ ಹಾಕುತ್ತದೆ, ಅದರ ಮುಂದಿನದು ಲೇಬಲ್ ಅಂಟಿಸುತ್ತದೆ. ಕೊನೆಗೆ ಒಂದು ಕ್ಯಾಮೆರಾ ಫೋಟೋ ತೆಗೆದು, ಮುಚ್ಚಳ ಸರಿಯಿಲ್ಲದ ಬಾಟಲಿಯನ್ನು ಪಕ್ಕದ ಟ್ರೇಗೆ ತಳ್ಳಿಸುತ್ತದೆ. ಪ್ರತಿ ಯಂತ್ರದ ಹೊಟ್ಟೆಯಲ್ಲೂ ಒಂದು ಸಣ್ಣ ಕಂಪ್ಯೂಟರ್ ಇದೆ. ತುಂಬುವ ಯಂತ್ರ "ಕಳಿಸಿದೆ, ಹಿಡಿ" ಎಂದು ಹೇಳಿದ್ದು ಮುಚ್ಚಳದ ಯಂತ್ರಕ್ಕೆ ಸರಿಯಾದ ಗಳಿಗೆಗೆ ಮುಟ್ಟಬೇಕು. ಒಂದು ಚೂರು ತಡವಾದರೆ ಮುಚ್ಚಳ ಬೆಲ್ಟಿಗೆ ಬೀಳುತ್ತದೆ.

ಮುಟ್ಟುವುದು ಕಷ್ಟ ಯಾಕೆಂದರೆ ಎಲ್ಲ ಸುದ್ದಿಗೂ ದಾರಿ ಒಂದೇ. ಕ್ಯಾಮೆರಾದ ಫೋಟೋಗಳು ಲಾರಿಗಳಿದ್ದ ಹಾಗೆ. ಅವುಗಳ ಹಿಂದೆ ಈ ಸಣ್ಣ ಸುದ್ದಿ ಸಿಕ್ಕಿಕೊಂಡರೆ, ಜಾಲಹಳ್ಳಿ ಕ್ರಾಸಿನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸಿನ ಗತಿ. ನನ್ನ ಹಳೆಯ ಕಂಪನಿ ಮಾಡುವಂಥ ಸ್ವಿಚ್ಚು ಆ ಸರ್ಕಲ್ಲಿನ ಪೊಲೀಸ್. ಅದರೊಳಗೇ ಗಡಿಯಾರವಿದೆ, ಗೇಟುಗಳಿವೆ. ಆಂಬುಲೆನ್ಸಿನ ಹೊತ್ತಿಗೆ ಉಳಿದ ದಾರಿಗಳನ್ನು ಮುಚ್ಚುತ್ತದೆ. ಇಲ್ಲಿದ್ದ ಅಂಥದ್ದೊಂದು ಸುಟ್ಟುಹೋಗಿದೆ. ಹೊಸದು ಹೊರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ದೀಪಾವಳಿಯ ಆರ್ಡರು ಕಾಯುವುದಿಲ್ಲ. ಅದಕ್ಕೇ ಇಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಅಮರಪ್ಪ ನಮ್ಮಂಥ ಬಡಪಾಯಿಗಳನ್ನು ಕರೆದದ್ದು.

ನಮ್ಮ ಉಪಾಯ ಇಷ್ಟೇ. ಪೊಲೀಸೇ ಬೇಡ. ಲಾರಿಯೂ ಆಂಬುಲೆನ್ಸೂ ತಮ್ಮ ಮನೆ ಬಾಗಿಲಿನಲ್ಲೇ ಗಡಿಯಾರ ನೋಡಿ, ತಮ್ಮ ಸರದಿಗೆ ಮಾತ್ರ ಹೊರಟರೆ ಸರ್ಕಲ್ಲಿನಲ್ಲಿ ಯಾರಿಗೂ ಯಾರೂ ಎದುರಾಗುವುದಿಲ್ಲ. ಅದಕ್ಕೆ ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಬೆಲ್ಟಿನ ಪಕ್ಕದ ಶೆಲ್ಫಿನಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಒಂದನ್ನು ಇಟ್ಟಿದ್ದೇವೆ. ಅದು ಹೊತ್ತು ಹೇಳುತ್ತಾ ಇರುತ್ತದೆ. ಉಳಿದವು ಕೇಳಿಸಿಕೊಂಡು, ಆ ಮಾತು ದಾರಿಯಲ್ಲಿ ತೆಗೆದುಕೊಂಡ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು, ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಾ ಇರುತ್ತವೆ. ಎಲ್ಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಸಾಮಾನೇ. ಅದರಲ್ಲಿ ವಿಶೇಷ ಏನಾದರೂ ಇದ್ದರೆ ಅದು ನಾನು ಬರೆದದ್ದು.

ಈ ಯಂತ್ರಗಳ ಸಾಲನ್ನು ನೋಡಿಕೊಳ್ಳುವ ಸಿದ್ರಾಮ ಯಾದಗಿರಿ ಕಡೆಯವನು. ಅವನೂ ನಿನ್ನ ಹಾಗೆಯೇ ಕೇಳಿದ: "ಮೇಡಂರ, ಇದರಾಗ ತಿರಗೂದು ಏನೂ ಇಲ್ಲಲ್ರಿ, ಹೊತ್ತು ಹೆಂಗ ಹೇಳ್ತದ?" ನೀವಿಬ್ಬರೂ ಒಂದು ಸಂಘ ಕಟ್ಟಬಹುದು.

ಪ್ರೀತಿಯಿಂದ, ಸ್ವಲ್ಪ ಸಿಟ್ಟಿನಿಂದಲೂ,
ದಿವ್ಯಾ

ಜಾಲಹಳ್ಳಿ
13 ಜುಲೈ 2025

ದಿವ್ಯಾ,

ಪೊಲೀಸ್ ಇಲ್ಲದ ಸರ್ಕಲ್ಲಿನಲ್ಲಿ ಎಲ್ಲರೂ ಸರದಿ ನೋಡಿಕೊಂಡು ಹೋಗುತ್ತಾರೆ ಎಂದು ಬರೆದಿದ್ದೀಯ. ನೀನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ ತಾನೆ?

ಉಳಿದದ್ದು ಅರ್ಥವಾಯಿತು. ಚೆನ್ನಾಗಿ ಬರೆದಿದ್ದೀಯ, ಎರಡು ಸಲ ಓದಿದೆ. ಆದರೆ ಎಸ್.ಪಿ. ರಸ್ತೆಯ ಸಾಮಾನು ಎಂದು ಹೆಮ್ಮೆ ಬೇರೆ ಪಡುತ್ತೀಯಲ್ಲ, ಅಲ್ಲಿ ನನಗೆ ಚುಚ್ಚಿತು. ಕೀ ಕೊಡುವ ಗಡಿಯಾರ ಬಿಟ್ಟು ಜನ ಬ್ಯಾಟರಿಯ ಅಗ್ಗದ ಗಡಿಯಾರಕ್ಕೆ ಹೋದಾಗ ಏನಾಯಿತು ಎಂದು ನಿನಗೆ ಗೊತ್ತಿದೆ. ಕಾರ್ಖಾನೆಯ ನಮ್ಮ ಹಾಲ್‌ನಲ್ಲಿ ಸಾಲು ಸಾಲು ಹೆಂಗಸರು ಕೂತು ಕೆಲಸ ಮಾಡುತ್ತಿದ್ದೆವು. ಒಂದೊಂದೇ ಕುರ್ಚಿ ಖಾಲಿಯಾಯಿತು. ಕೊನೆಗೆ ದೀಪ ಆರಿಸಿ ಬಾಗಿಲು ಎಳೆದುಕೊಂಡದ್ದೂ ನಾವೇ. ಅಗ್ಗದ್ದು ಬಂದ ಕಡೆ ಒಳ್ಳೆಯದು ಉಳಿಯುವುದಿಲ್ಲ. ನೀನು ಆ ಅಗ್ಗದ ಕಡೆ ನಿಂತಿದ್ದೀಯ ಎನ್ನುವುದು ನನಗೆ ಸಂಕಟ. ಕಂಪನಿ, ಸಂಬಳ ಎಲ್ಲ ಅದಾದ ಮೇಲೆ.

ನಿನ್ನ ಅಮ್ಮ,
ಅಶ್ವತ್ಥಮ್ಮ

ಬೊಮ್ಮಸಂದ್ರ
24 ಆಗಸ್ಟ್ 2025

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಜುಲೈ ಕೊನೆಯಲ್ಲಿ ಮೊದಲ ಸಲ ನಮ್ಮ ಸಾಫ್ಟ್‌ವೇರಿನ ಮೇಲೆ ಬೆಲ್ಟು ಓಡಿಸಿದೆವು. ಬೆಳಿಗ್ಗೆಯೆಲ್ಲ ಸೊಗಸಾಗಿ ಓಡಿತು. ಮಧ್ಯಾಹ್ನ ಮುಚ್ಚಳದ ಯಂತ್ರದ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಯಾವುದೋ ಅಪ್‌ಡೇಟ್ ಶುರು ಹಚ್ಚಿಕೊಂಡಿತು. ಅದನ್ನು ನಾನೇ ಮೊದಲು ನಿಲ್ಲಿಸಿರಬೇಕಿತ್ತು. ನಮ್ಮ ಕೆಲಸ ಚಿಟಿಕೆ ಹೊಡೆಯುವಷ್ಟು ಹೊತ್ತು ಕಾಯಬೇಕಾಯಿತು, ಅಷ್ಟೇ. ಮುಚ್ಚಳಗಳೆಲ್ಲ ಬೆಲ್ಟಿನ ಮೇಲೆ, ನೆಲ್ಲಿಕಾಯಿ ಎಣ್ಣೆಯೆಲ್ಲ ನೆಲದ ಮೇಲೆ. ಸಿದ್ರಾಮ ಗೋಣಿಚೀಲ ತಂದು ಒರೆಸಿದ, ಅವನ ಜೊತೆ ನಾನೂ ಕುಕ್ಕರಗಾಲಲ್ಲಿ ಕೂತು ಒರೆಸಿದೆ. ಅಮರಪ್ಪ ಸಾರ್ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಅದನ್ನು ಸರಿಪಡಿಸಿದ್ದೇನೆ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಭಾಗವನ್ನು ನಮ್ಮ ಕೆಲಸಕ್ಕೇ ಮೀಸಲಿಟ್ಟಿದ್ದೇನೆ, ನೀನು ಹಬ್ಬದ ದಿನ ಒಂದು ಒಲೆಯನ್ನು ಹಾಲಿಗೇ ಬಿಡುವ ಹಾಗೆ. ಪಕ್ಕದಲ್ಲಿ ಏನೇ ಬೇಯುತ್ತಿರಲಿ, ಆ ಒಲೆಯ ಮೇಲೆ ಇನ್ನೊಂದು ಪಾತ್ರೆ ಏರುವಂತಿಲ್ಲ.

ಈಗಿನ ಜಗಳ ವಸಂತ್ ಜೊತೆ. ಶೆಲ್ಫಿನ ಮೇಲಿರುವ, ಹೊತ್ತು ಹೇಳುವ ಪೆಟ್ಟಿಗೆಯೇ ಒಂದು ದಿನ ಬಾಯಿ ಮುಚ್ಚಿದರೆ ಉಳಿದವು ಏನು ಮಾಡಬೇಕು? ಅದನ್ನು ಬರೆದೇ ಪರೀಕ್ಷೆಗೆ ಹೋಗೋಣ ಎಂದು ನಾನು. "ಹೊಸ ಪೆಟ್ಟಿಗೆ ಗುರು, ಮೂರು ದಿನದ ಪರೀಕ್ಷೇಲಿ ಅದ್ಯಾಕ್ ಸಾಯುತ್ತೆ? ಮೊದ್ಲು ಪಾಸಾಗೋಣ, ನಿನ್ನ ಚೆಂದ ಎಲ್ಲ ಆಮೇಲ್ ಮಾಡ್ಕೊ" ಎಂದು ಅವನು.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಮ್ಮದು ಅಗ್ಗದ್ದು, ನಿಜ. ಅಗ್ಗದ್ದು ಒಂದಲ್ಲ ಒಂದು ದಿನ ಕೈಕೊಡುತ್ತದೆ, ಅದೂ ನಿಜ. ಹಾಗಿದ್ದ ಮೇಲೆ ಕೈಕೊಟ್ಟೇ ಕೊಡುತ್ತದೆ ಎಂದು ತಿಳಿದು ಬರೆಯಬೇಕಾದದ್ದು ನನ್ನ ಕರ್ತವ್ಯ. ಹಿರಿಯ ಪೆಟ್ಟಿಗೆಯ ದನಿ ನಿಂತ ಕೂಡಲೇ, ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮುಂದಿನದು ಹೊತ್ತು ಹೇಳಲು ಶುರು ಮಾಡಬೇಕು. ಆ ನಡುವೆ ಎಲ್ಲವೂ ತಮ್ಮ ತಮ್ಮ ಗಡಿಯಾರವನ್ನು ನಂಬಿ ನಡೆಯಬೇಕು. ಒಂದು ಕುರ್ಚಿ ಖಾಲಿಯಾದರೆ ಇಡೀ ಹಾಲ್‌ನ ದೀಪ ಆರಬಾರದು ಅಮ್ಮ. ನಾನು ಬರೆಯುತ್ತಿರುವುದು ಅದನ್ನೇ.

ವಸಂತ್ ಮಾತು ಬಿಟ್ಟಿದ್ದಾನೆ. ನಾನು ಬರೆಯುವುದನ್ನು ಬಿಟ್ಟಿಲ್ಲ.

ದಿವ್ಯಾ

ಜಾಲಹಳ್ಳಿ
7 ಸೆಪ್ಟೆಂಬರ್ 2025

ದಿವ್ಯಾ,

ಚಟ್ನಿಪುಡಿ, ಕೋಡುಬಳೆ ಕಳಿಸಿದ್ದೇನೆ. ವಸಂತನಿಗೂ ಕೊಡು. ಜಗಳವಾಡುವವರ ಹೊಟ್ಟೆ ತುಂಬಿರಬೇಕು.

ನಿನ್ನ ವೈಟ್‌ಫೀಲ್ಡ್ ಸಾಹೇಬರು ಮನೆಗೆ ಫೋನ್ ಮಾಡಿದ್ದರು. "ನೀವು ಹೇಳಿದ್ರೆ ಕೇಳ್ತಾಳೆ ಮೇಡಂ, ಈಗ್ಲೇ ಬಂದ್ರೆ ಅವಳಿಗೇ ಒಳ್ಳೇದು" ಅಂದರು. "ದಸರಾ ಇನ್ನೂ ಬಂದಿಲ್ಲ ಸಾರ್" ಎಂದು ಹೇಳಿ ಇಟ್ಟೆ. ನಾನು ಅವರ ಪರವೂ ಅಲ್ಲ, ನಿನ್ನ ಪರವೂ ಅಲ್ಲ. ಮಾತು ಅಂದರೆ ಮಾತು.

ಕುರ್ಚಿಯ ವಿಷಯ ಬರೆದಿದ್ದೆಯಲ್ಲ, ಆ ಸಾಲನ್ನು ಇನ್ನೊಮ್ಮೆ ಓದಿದೆ. ಬರೆ, ನೀನು ಬರೆಯುವುದನ್ನು.

ಅಮ್ಮ

ಬೊಮ್ಮಸಂದ್ರ
3 ಅಕ್ಟೋಬರ್ 2025

ಅಮ್ಮಾ,

ಫೋನಿನಲ್ಲಿ "ಎಲ್ಲ ಕಾಗದದಲ್ಲಿ" ಎಂದು ಹೇಳಿ ನಿನ್ನನ್ನು ಎರಡು ದಿನ ಕಾಯಿಸಿದ್ದಕ್ಕೆ ಬಯ್ಯಬೇಡ. ಕಾನೂನು ನಿನ್ನದೇ. ಈಗ ಕೂತುಕೊಂಡು ಓದು.

ಪರೀಕ್ಷೆ ಸೋಮವಾರ ಬೆಳಿಗ್ಗೆಯಿಂದ ಬುಧವಾರ ಸಂಜೆಯ ತನಕ. ಅಮರಪ್ಪ ಸಾರ್ ಹಾಕಿದ ನಿಯಮ ಎರಡು. ಮುಚ್ಚಳ ಸರಿಯಿಲ್ಲದ್ದನ್ನು ತಳ್ಳುವ ಆ ಟ್ರೇಗೆ ಒಂದು ಬಾಟಲಿಯೂ ಬೀಳಬಾರದು. ನಮ್ಮ ಸಾಮಾನನ್ನು ಯಾರೂ ಮುಟ್ಟಬಾರದು. ನಾವು ಬೆಲ್ಟಿನ ಹತ್ತಿರ ಸುಳಿಯುವಂತಿಲ್ಲ, ಲ್ಯಾಪ್‌ಟಾಪನ್ನೂ ಗೇಟಿನಲ್ಲೇ ಇಡಿಸಿದರು. ವಸಂತ್ ಮತ್ತು ನಾನು ಕ್ಯಾಂಟೀನಿನಲ್ಲಿ ಕೂತು ಉಗುರು ಕಚ್ಚುವುದೊಂದೇ ಕೆಲಸ. ಸೋಮವಾರ ಹೋಯಿತು, ಮಂಗಳವಾರ ಹೋಯಿತು, ಟ್ರೇ ಖಾಲಿ.

ಬುಧವಾರ ಕಾರ್ಖಾನೆಯಲ್ಲಿ ಆಯುಧಪೂಜೆ. ಉಳಿದ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಬಾಳೆಕಂದು ಕಟ್ಟಿದ್ದರು. ದೀಪಾವಳಿ ಆರ್ಡರಿಗಾಗಿ ನಮ್ಮ ಸಾಲು ಒಂದು ಮಾತ್ರ ಓಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಂಗಳಾರತಿಗೆ ಬನ್ನಿ ಎಂದು ಕರೆ ಬಂತು. ಹೋಗಿ ಜನರ ಹಿಂದೆ ನಿಂತು ಕೈ ಮುಗಿದೆ. ಎದುರಿಗೆ ದೇವಿಯ ಫೋಟೋ, ಮಣೆಯ ಮೇಲೆ ಸ್ಪ್ಯಾನರುಗಳು, ತಕ್ಕಡಿ. ಎಲ್ಲಕ್ಕಿಂತ ಮುಂದೆ ವಿಭೂತಿ ಬಳಿಸಿಕೊಂಡು, ಕುಂಕುಮ ಇಡಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು, ಎರಡೂ ಪಕ್ಕ ನಿಂಬೆಹಣ್ಣು ಇಟ್ಟುಕೊಂಡು ನಮ್ಮ ಪೆಟ್ಟಿಗೆ ಕೂತಿತ್ತು. ಹೊತ್ತು ಹೇಳುವ ಪೆಟ್ಟಿಗೆ. ವೈರೂ ಇಲ್ಲ, ಕರೆಂಟೂ ಇಲ್ಲ.

ವಸಂತ್ ನನ್ನ ಮೊಣಕೈ ಹಿಡಿದುಕೊಂಡು, "ದಿವ್ಯಾ, ಅದು ನಮ್ದೇ ತಾನೆ?" ಎಂದ. ಅಷ್ಟರಲ್ಲಿ ಸಿದ್ರಾಮ ಆರತಿ ತಟ್ಟೆ ಹಿಡಿದು ಮುಖವೆಲ್ಲ ಅರಳಿಸಿಕೊಂಡು ಬಂದ.

"ಮೇಡಂರ, ನಿಮ್ಮ ಡಬ್ಬಿಗೇ ಮೊದಲ ಪೂಜಿ ಮಾಡೀವಿ ನೋಡ್ರಿ. ಈ ವರ್ಷ ಹೊಸಾದಾಗಿ ಬಂದಿದ್ದು ಅದೊಂದ ಅಲ್ರಿ? ಬೆಲ್ಟ್ ನಿಲ್ಲಸಬ್ಯಾಡ್ರಿ ಅಂದಿದ್ರು ಸಾಹೇಬ್ರು, ಓಡೂ ಮಷೀನಿಗೆ ನಿಂತಲ್ಲೇ ಕುಂಕುಮ ಹಚ್ಚೀವಿ. ಇದು ಸುಮ್ನ ಕುಂತಿತ್ತು. ಬಿಚ್ಚಿ ತಂದು ಕಸಾ ಹೊಡ್ಯೂ ಶೇಖವ್ವನ ಕಡಿಂದ ಒರೆಸಿದ್ವಿ."

"ಯಾವಾಗ ತೆಗೆದ್ರಿ ಅಣ್ಣ?"

"ಮುಂಜಾನಿ, ನಾಷ್ಟಾ ಆದ ಕೂಡ್ಲೆ."

ಬೆಳಿಗ್ಗೆಯಿಂದ. ತಿರುಗಿ ನೋಡಿದೆ. ಆ ಬದಿಯಲ್ಲಿ ಬಾಟಲಿಗಳು ಬರುತ್ತಿದ್ದವು, ಎಣ್ಣೆ ತುಂಬುತ್ತಿತ್ತು, ಮುಚ್ಚಳ ಕೂರುತ್ತಿತ್ತು. ಟ್ರೇ ಖಾಲಿ. ಅಮ್ಮಾ, ನಾನು ಅಲ್ಲೇ ಆರತಿ ತಟ್ಟೆಯ ಎದುರು ಅತ್ತುಬಿಟ್ಟೆ. ಶೇಖವ್ವ ಅದನ್ನು ಭಕ್ತಿ ಎಂದುಕೊಂಡು ನನ್ನ ಬೆನ್ನು ಸವರಿದಳು.

ವಸಂತ್ ಕಿವಿಯಲ್ಲಿ, "ಸುಮ್ನಿರು. ಪೂಜೆ ಮುಗಿದ್ಮೇಲೆ ಅವ್ರೇ ತಗೊಂಡೋಗಿ ಸಿಗಿಸ್ತಾರೆ. ಯಾರೂ ಮುಟ್ಬಾರ್ದು ಅನ್ನೋದು ರೂಲ್ಸು. ಗೊತ್ತಾದ್ರೆ ಪರೀಕ್ಷೆ ಕ್ಯಾನ್ಸಲ್ಲು, ನೀನು ವೈಟ್‌ಫೀಲ್ಡಿಗೆ" ಎಂದ. ಅವನ ಹೆದರಿಕೆ ನನಗೂ ಇತ್ತು. ಆದರೆ ಪೆಟ್ಟಿಗೆ ಇಲ್ಲದೆಯೂ ಬೆಲ್ಟು ಓಡಿದ್ದು ಮುಚ್ಚಿಡುವಂಥ ತಪ್ಪೇ? ನನ್ನ ಕೈಯಿಂದ ಈವರೆಗೆ ಆದ ಕೆಲಸಗಳಲ್ಲೆಲ್ಲ ಒಳ್ಳೆಯದು ಅದು. ಯಾರೂ ನೋಡದೆ ಹೋದರೆ ನಾನು ಸತ್ತೇ ಹೋಗುತ್ತಿದ್ದೆ. ನೇರವಾಗಿ ಅಮರಪ್ಪ ಸಾರ್ ಹತ್ತಿರ ಹೋಗಿ ಹೇಳಿದೆ.

ಅವರು ಪೆಟ್ಟಿಗೆ ನೋಡಿದರು. ಸಿದ್ರಾಮನನ್ನು ನೋಡಿದರು, ಅವನ ಮುಖ ಸಣ್ಣದಾಯಿತು. ಹೋಗಿ ಟ್ರೇ ನೋಡಿದರು.

"ಹಂಗಾದ್ರೆ ಬೆಳಿಗ್ಗೆಯಿಂದ ಈ ಲೈನಿಗೆ ಹೊತ್ತು ಹೇಳ್ತಾ ಇರೋದ್ಯಾರು?"

"ಲೇಬಲ್ ಮಷೀನಿನ ಕಂಪ್ಯೂಟರ್ ಸಾರ್. ಇದು ಬಿಟ್ರೆ ಅದೇ ಮುಂದಿನದು."

"ನೀವು ಹೇಳಿದ್ರಾ ಅದಕ್ಕೆ?"

"ಇವತ್ತಲ್ಲ ಸಾರ್. ಆಗಸ್ಟಲ್ಲೇ ಹೇಳಿದ್ದೆ."

ಅವರು ಹಾರದ ಸಮೇತ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೋಗಿ, ಶೆಲ್ಫಿನ ಮೇಲಿಟ್ಟು, ವೈರು ಸಿಗಿಸಿದರು. ವಾಪಸ್ ಬಂದ ಪೆಟ್ಟಿಗೆ ತಾನೇ ಹಿರಿಯ ಎಂದು ಮೇಲೆ ಬೀಳಲಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ತನ್ನ ಗಡಿಯಾರ ತಿದ್ದಿಕೊಂಡು, ಆಮೇಲೆ ಹಿರಿತನ ವಹಿಸಿಕೊಂಡಿತು. "ಈಗ ಇದೇನಾ?" ಎಂದು ಕೇಳಿ, ಹೌದು ಅಂದ ತಕ್ಷಣ ವೈರನ್ನು ಸರಕ್ಕನೆ ಎಳೆದರು. ಬಾಟಲಿಗಳು ಹೋಗುತ್ತಲೇ ಇದ್ದವು. ಮತ್ತೆ ಸಿಗಿಸಿ ಮತ್ತೆ ಎಳೆದರು. ಮೂರನೆಯ ಸಲ ಎಳೆದಾಗ ಆ ಗಂಭೀರ ಮನುಷ್ಯನಿಗೆ ನಗು ತಡೆಯಲಾಗಲಿಲ್ಲ. "ನನ್ನ ಹಳೇ ಸ್ವಿಚ್ಚನ್ನ ಹಿಂಗೆ ಎಳೆದಿದ್ರೆ ಲೈನ್ ಪೂರ್ತಿ ಮಲಗ್ತಿತ್ತು ಕಣಮ್ಮ" ಎಂದರು. ಆಮೇಲೆ ಸಿದ್ರಾಮನ ಕಡೆ ತಿರುಗಿ, "ನನ್ಗೆ ಹೊಳೀದೇ ಇದ್ದ ಪರೀಕ್ಷೆ ನೀನು ಮಾಡಿಸ್ದೆ ಕಣಯ್ಯ. ಹೋಗು, ಕಡ್ಲೆಪುರಿ ಹಂಚು" ಎಂದರು.

ಸಂಜೆ ಸಹಿ ಹಾಕಿದರು. ಇನ್ನೆರಡು ಸಾಲುಗಳಿಗೂ ನಮ್ಮದೇ ಬೇಕಂತೆ. ವೈಟ್‌ಫೀಲ್ಡ್ ಸಾಹೇಬರಿಗೆ ನಾನೇ ಫೋನ್ ಮಾಡಿ, ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿದೆ. ವಸಂತ್ ಇಡೀ ಸಂಜೆ, "ನಾನ್ ಬೇಡ ಅಂದಿದ್ದೆ, ನಾನ್ ಬೇಡ ಅಂದಿದ್ದೆ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಕುಣಿದ.

ನನಗೆ ಹೆಮ್ಮೆಯಾಗಿದೆ ಅಮ್ಮ. ಬೇರೆ ಯಾರ ಹತ್ತಿರವೂ ಹೀಗೆ ನೇರವಾಗಿ ಹೇಳಲಾರೆ, ನಿನ್ನ ಹತ್ತಿರ ಹೇಳುತ್ತೇನೆ. ನೀನು ಇನ್ನೂ ನಂಬದಿದ್ದರೂ ಪರವಾಗಿಲ್ಲ.

ನಿನ್ನ
ದಿವ್ಯಾ

ಜಾಲಹಳ್ಳಿ
12 ಅಕ್ಟೋಬರ್ 2025

ದಿವ್ಯಾ,

ನಿನ್ನ ಕಾಗದ ಶೋಭಾಗೆ ಓದಿ ಹೇಳಿದೆ. ಪಾರ್ಕಿನಲ್ಲಿ ಕಾರ್ಖಾನೆಯ ನನ್ನ ಹಳೆಯ ಜೊತೆಗಾತಿಯರು ಸಿಗುತ್ತಾರಲ್ಲ, ಅವರಿಗೂ ಓದಿದೆ. ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿದೆ. ಲಾರಿ, ಆಂಬುಲೆನ್ಸು, ಹಾಲಿನ ಒಲೆ ಎಲ್ಲ ಈಗ ನನ್ನ ಬಾಯಿಪಾಠ. ಒಂದು ವಾರ ಹೀಗೆ ಮೆರೆದ ಮೇಲೆ, ಇಷ್ಟೆಲ್ಲ ಹೇಳಿಕೊಂಡು ತಿರುಗುತ್ತಿರುವ ನಾನು ಅದನ್ನು ಕಣ್ಣಲ್ಲಿ ನೋಡಿಯೇ ಇಲ್ಲವಲ್ಲ ಅನ್ನಿಸಿತು.

ನಿನ್ನೆ ಶನಿವಾರ ನೀನು ಪೀಣ್ಯದಲ್ಲಿರುತ್ತೀಯ ಎಂದು ಗೊತ್ತಿದ್ದೇ ಹೊರಟೆ. ನೀನಿದ್ದರೆ ವಿವರಿಸುತ್ತಾ ನಿಲ್ಲುತ್ತಿದ್ದೆ, ನನಗೆ ನೋಡಲು ಬಿಡುತ್ತಿರಲಿಲ್ಲ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಇಳಿದು, ಹೊಸ ಹಳದಿ ಲೈನಿನಲ್ಲಿ ಕಿಟಕಿ ಪಕ್ಕ ಕೂತು ಕೊನೆಯ ಸ್ಟೇಷನ್ನಿನ ತನಕ ಹೋದೆ. ಗೇಟಿನಲ್ಲಿ ಸೆಕ್ಯುರಿಟಿಯವನು ಬಿಡಲಿಲ್ಲ. ನಿನ್ನ ಹೆಸರು ಹೇಳಿದೆ. ಹೇಳಿದ್ದೇ ತಡ, ಕುರ್ಚಿ ತಂದು ಹಾಕಿದ. ನಿನ್ನ ಹೆಸರಿಗೆ ಕುರ್ಚಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಿದ್ರಾಮ ಬಂದು ಕಾಲು ಮುಟ್ಟಿದ. ಒಳಗೆ ಕರೆದುಕೊಂಡು ಹೋಗಿ ಬೆಲ್ಟಿನ ಪಕ್ಕ ನಿಲ್ಲಿಸಿದ. ನಾನು ತುಂಬ ಹೊತ್ತು ನಿಂತಿದ್ದೆ. ಮುಚ್ಚಳ ಕೂರುವ ಸದ್ದು ಕೇಳುತ್ತಾ ಕಣ್ಣು ಮುಚ್ಚಿದೆ. ಒಂದು ಕೂಡ ಆಚೀಚೆ ಆಗಲಿಲ್ಲ. ಕಾರ್ಖಾನೆಯ ನಮ್ಮ ಹಾಲ್‌ನಲ್ಲಿ ಇಷ್ಟು ನೇರ್ಪಾಗಿ ಕೆಲಸ ಮಾಡುವವರು ಇದ್ದರು, ನನ್ನನ್ನೂ ಸೇರಿಸಿ ಕೆಲವರು. ಆ ಕೈಗುಣ ನಮ್ಮ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ. ಅಲ್ಲಿ ನಿಂತು ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಪಕ್ಕದಲ್ಲಿದ್ದ ಸಿದ್ರಾಮನ ಕೈ ಹಿಡಿದುಕೊಂಡುಬಿಟ್ಟೆ. ಪಾಪ, ಅವನು ನನಗೆ ತಲೆ ಸುತ್ತು ಬಂತೆಂದು ನೀರು ತರಲು ಓಡಿದ.

ಆಗ ಅಮರಪ್ಪನವರು ಬಂದರು. ಅವರ ಹಿಂದೆ ಬೇರೆ ಯಾವುದೋ ಕಾರ್ಖಾನೆಯಿಂದ ನೋಡಲು ಬಂದ ನಾಲ್ಕಾರು ಜನ ಇಂಜಿನಿಯರುಗಳು. ಒಬ್ಬರಾದ ಮೇಲೆ ಒಬ್ಬರು ಆ ಪೆಟ್ಟಿಗೆಯ ವೈರು ಎಳೆದರು, ಬೆಲ್ಟು ನೋಡಿದರು, ತಲೆ ಅಲ್ಲಾಡಿಸಿದರು. ಎಲ್ಲರದೂ ಆದ ಮೇಲೆ ಅಮರಪ್ಪನವರು ನನ್ನ ಕಡೆ ತಿರುಗಿ, "ಬನ್ನಿ ಅಮ್ಮ, ನೀವೂ ಎಳೆದು ನೋಡಿ. ಎಲ್ರೂ ಎಳೆದ್ಮೇಲೇ ನಂಬೋದು" ಎಂದು ವೈರನ್ನು ನನ್ನ ಕೈಗೆ ಕೊಟ್ಟರು.

ಹಿಡಿದುಕೊಂಡೆ. ಆಮೇಲೆ ಹಾಗೆಯೇ ಬಿಟ್ಟೆ.

"ಬೇಡಪ್ಪ" ಎಂದೆ. "ಅವ್ರು ಎಳೀಲಿ. ಇದನ್ನ ಮಾಡಿರೋಳು ನನ್ನ ಮಗಳು."

ನಿನ್ನ ಅಮ್ಮ